ಗುಜರಿಯ ಗಾಡಿ

ಕಮಾನುಗಾಡಿಯಲ್ಲಿ ಮಲಗಿದವರಿಗೆ ಮಾತ್ರ ಗೊತ್ತಿರುವ ಒಂದು ಸುಖವಿದೆ. ನಾನು ಹುಡುಗನಾಗಿದ್ದಾಗ ನಮ್ಮ ತಂದೆಯವರು ಚುಂಚನಕಟ್ಟೆಯ ದನಗಳ ಜಾತ್ರೆಗೆ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದರು. ಕೆಳಗೆ ಹುಲ್ಲು, ಅದರ ಮೇಲೆ ಜಮಖಾನ, ತಲೆಯ ಮೇಲೆ ಬಿದಿರುತಟ್ಟಿಯ ಕಮಾನು. ಹೊರಗೆ ಜನವರಿಯ ಚಳಿ, ಮೂರು ಕಲ್ಲಿನ ಒಲೆಯಲ್ಲಿ ಆರುತ್ತಿರುವ ಕೆಂಡ. ಮನೆಯೇ ನಮ್ಮೊಡನೆ ಹೊರಟು ಬಂದಿದೆ ಎನ್ನಿಸುತ್ತಿತ್ತು. ಆ ಸುಖವನ್ನು ನಾನು ಮತ್ತೆ ಕಂಡದ್ದು 2009ರ ಬೇಸಗೆಯಲ್ಲಿ, ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಗುಜರಿಯಿಂದ ಹುಟ್ಟಿದ ಒಂದು ಗಾಡಿಯೊಳಗೆ.

ಆ ವರ್ಷ ಅಲ್ಲಿ ಮೋಟಾರು ಕೈಗಾರಿಕೆ ನೆಲ ಕಚ್ಚಿತ್ತು. ದುಡಿಯುವವರಲ್ಲಿ ನೂರಕ್ಕೆ 13ಕ್ಕೂ ಹೆಚ್ಚು ಮಂದಿಗೆ ಕೆಲಸವಿರಲಿಲ್ಲ. ನನ್ನ ಮಗನೂ ಅವರಲ್ಲಿ ಒಬ್ಬನೆಂಬುದು ನನಗೆ ತಿಳಿದದ್ದು ಅಲ್ಲಿಗೆ ಹೋದ ಮೇಲೆ. ಫೋನಿನಲ್ಲಿ ಅವನು ಹೇಳಿರಲಿಲ್ಲ. ಎದುರಿಗಿದ್ದಾಗ ಕೇಳಲು ನನಗೂ ನಾಲಿಗೆ ಏಳಲಿಲ್ಲ. ಸರೋವರದ ದಂಡೆಯಲ್ಲಿ ಬಿಡಾರ ಹೂಡುವುದಾಗಿ ಅವನು ಮಕ್ಕಳಿಗೆ ಹಿಂದಿನ ವರ್ಷವೇ ಮಾತು ಕೊಟ್ಟುಬಿಟ್ಟಿದ್ದ. ಹೊಸ ಟ್ರೈಲರು ಕೊಳ್ಳಬೇಕಾದರೆ ಸಾವಿರಾರು ಡಾಲರು. ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಾ, "ಅಪ್ಪಾ, ನಾವೇ ಒಂದು ಕಟ್ಟೋಣವೇ?" ಎಂದ.

ಈ ಹುಚ್ಚು ಅವನೊಬ್ಬನದಲ್ಲ. 1930ರ ದಶಕದ ಮುಗ್ಗಟ್ಟಿನಲ್ಲೇ ಅಮೆರಿಕದ ಜನ ಕಾರಿನ ಹಿಂದೆ ಎಳೆದೊಯ್ಯುವ ಪುಟ್ಟ ಮನೆಗಳನ್ನು ತಾವೇ ಕಟ್ಟಿಕೊಳ್ಳುತ್ತಿದ್ದರು. ಪಕ್ಕದಿಂದ ನೋಡಿದರೆ ನೀರಹನಿಯ ಆಕಾರ. ಮುಂದೆ ದುಂಡಗೆ, ಹಿಂದೆ ಇಳಿಜಾರು. ಒಳಗೆ ಇಬ್ಬರು ಮಲಗುವಷ್ಟು ಜಾಗ, ಹಿಂಬದಿಯ ಮುಚ್ಚಳ ಎತ್ತಿದರೆ ಅಡುಗೆಮನೆ. ಎರಡನೆಯ ಮಹಾಯುದ್ಧ ಮುಗಿದಾಗ ಸೈನ್ಯಕ್ಕೆ ಬೇಡವಾದ ಜೀಪಿನ ಚಕ್ರಗಳೂ ಅಲ್ಯೂಮಿನಿಯಂ ತಗಡೂ ಅಗ್ಗವಾಗಿ ಕೈಗೆ ಸಿಕ್ಕವು. 1947ರಲ್ಲಿ 'ಮೆಕ್ಯಾನಿಕ್ಸ್ ಇಲಸ್ಟ್ರೇಟೆಡ್' ಎಂಬ ಪತ್ರಿಕೆ ಇಂಥ ಗಾಡಿಯ ನಕ್ಷೆಯನ್ನೇ ಅಚ್ಚುಹಾಕಿತು. ಅಲ್ಲಿಯ ಪ್ಲೈವುಡ್ ಹಲಗೆ 4 ಅಡಿ ಅಗಲ, 8 ಅಡಿ ಉದ್ದ. ಗಾಡಿಯ ಅಳತೆಯೂ ಹೆಚ್ಚುಕಡಿಮೆ ಅದೇ. ಒಂದು ಹಲಗೆ ನೆಲವಾಯಿತು, ಒಂದೊಂದು ಒಂದೊಂದು ಪಕ್ಕದ ಗೋಡೆಯಾಯಿತು.

ಊರಾಚೆಯ ಹಿತ್ತಿಲೊಂದರಲ್ಲಿ ಮಡಚುವ ಡೇರೆಯ ಹಳೆಯ ಟ್ರೈಲರು ಬಿದ್ದಿತ್ತು. ಮೇಲಿನ ಬಟ್ಟೆ ಕೊಳೆತಿತ್ತು; ಕೆಳಗಿನ ಕಬ್ಬಿಣದ ಚೌಕಟ್ಟು, ಅಚ್ಚು, ಪಟ್ಟಿ ಸ್ಪ್ರಿಂಗು ಗಟ್ಟಿಯಾಗಿದ್ದವು. 75 ಡಾಲರಿಗೆ ಬಂತು. ಕೆಡವಿದ ಶೆಡ್ಡಿನ ತಗಡು ಮೈಗೆ ಹೊದಿಕೆಯಾಯಿತು, ಗುಜರಿ ಅಂಗಳದಿಂದ ಗಾಳಿಕಿಂಡಿಯೊಂದು ಬಂತು. ತಂತಿಬ್ರಷ್ಷು ಹಿಡಿದು ತುಕ್ಕು ಉಜ್ಜುವ ಕೆಲಸ ನನ್ನದು. ಚಕ್ರದ ಬೇರಿಂಗಿಗೆ ಗ್ರೀಸು ತುಂಬುವಾಗ ನನಗೆ ನಮ್ಮ ತಂದೆಯವರ ಕೀಲೆಣ್ಣೆಯ ಕೊಂಬು ನೆನಪಾಯಿತು. ಕೈ ಮಸಿಯಾಗಿದ್ದಾಗ ಮಾತು ಸಲೀಸು. ಕೆಲಸ ಹೋಗಿ ನಾಲ್ಕು ತಿಂಗಳಾಯಿತೆಂದು ಮಗ ಹೇಳಿದ್ದು ಆಗಲೇ, ಚಕ್ರದಿಂದ ಕಣ್ಣೆತ್ತದೆ.

ಟೈರಿನ ವಿಷಯದಲ್ಲಿ ನಮ್ಮಿಬ್ಬರಿಗೂ ಜಗಳವಾಯಿತು. ನೋಡಲು ಚೆನ್ನಾಗಿಯೇ ಇದ್ದವು, ಸವೆದಿರಲಿಲ್ಲ. ಕಾಸಿಲ್ಲದ ಕಾಲದಲ್ಲಿ ಹೊಸದೇಕೆ ಎಂದು ನನ್ನ ವಾದ. ಅವನು ಟೈರಿನ ಪಕ್ಕೆಯ ಮೇಲಿದ್ದ 2301 ಎಂಬ ಅಂಕಿಯನ್ನು ತೋರಿಸಿದ. 2001ನೆಯ ವರ್ಷದ 23ನೆಯ ವಾರದಲ್ಲಿ ತಯಾರಾದದ್ದು. ನಿಂತಲ್ಲೇ ರಬ್ಬರು ಒಣಗಿ ಕೂದಲೆಳೆಯ ಬಿರುಕು ಬಿಟ್ಟಿತ್ತು. ಟೈರು, ಬೋಲ್ಟು, ದೀಪದ ತಂತಿ, ಕೊಕ್ಕೆಯ ಕೆಳಗಿನ ಸರಪಳಿ, ಇಷ್ಟು ಮಾತ್ರ ಹೊಸದೇ ಆಗಬೇಕೆಂದು ಹಟ ಹಿಡಿದ. ನಮ್ಮ ಖರ್ಚಿನಲ್ಲಿ ದೊಡ್ಡ ಪಾಲು ಹೋದದ್ದು ಅದಕ್ಕೇ. ಅವನ ಮಾತೇ ಸರಿಯಾಗಿತ್ತು.

ಮೊದಲ ಪರೀಕ್ಷೆಗೆ ಸಾಮಾನು ತುಂಬಿ ಹೆದ್ದಾರಿಗೆ ಇಳಿದೆವು. ಗಂಟೆಗೆ 55 ಮೈಲಿ ವೇಗ ಬಂದಾಗ ಟ್ರೈಲರು ಬಾಲ ಆಡಿಸತೊಡಗಿತು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ, ಪ್ರತಿಸಲವೂ ಇನ್ನಷ್ಟು. ಕಾರೂ ಅದರೊಡನೆ ತೂಗಾಡಿತು. ಮಗನ ಬೆರಳುಗಳು ಬಿಳಿಚಿಕೊಂಡವು. ಪುಣ್ಯಕ್ಕೆ ಅವನು ಬ್ರೇಕು ತುಳಿಯಲಿಲ್ಲ. ಕಾಲನ್ನು ಮೆಲ್ಲಗೆ ಸಡಿಲಿಸಿ, ಚಕ್ರವನ್ನು ನೇರ ಹಿಡಿದು, ತಾನಾಗಿ ವೇಗ ಇಳಿಯಗೊಟ್ಟ. ರಸ್ತೆಯ ಅಂಚಿನಲ್ಲಿ ನಿಂತಾಗ ಇಬ್ಬರಿಗೂ ಮಾತು ಹೊರಡಲಿಲ್ಲ. ಮಕ್ಕಳನ್ನು ಕೂರಿಸಿಕೊಂಡು ಬಂದಿರಲಿಲ್ಲವೆಂಬುದನ್ನೇ ನಾನು ನೆನೆಯುತ್ತಿದ್ದೆ.

ಹಿಂದೆ ಹೋಗಿ ನೋಡಿದೆ. ಒಲೆ, ಪಾತ್ರೆ, ನೀರಿನ ಕ್ಯಾನು, ಹೆಚ್ಚುವರಿ ಚಕ್ರ, ಎಲ್ಲವೂ ಬಾಲದ ಕಡೆ. "ಹಿಂಭಾರ ಕಣೋ ಇದು" ಎಂದೆ. ಎತ್ತಿನ ಗಾಡಿಯಲ್ಲಿ ಹಿಂಭಾರವಾದರೆ ನೊಗ ಮೇಲೆದ್ದು ಕೊರಳ ಹಗ್ಗ ಎತ್ತಿನ ಗಂಟಲನ್ನು ಹಿಸುಕುತ್ತದೆ. ಮುಂಭಾರ ಹೆಚ್ಚಿದರೆ ಹೆಗಲು ಹುಣ್ಣಾಗುತ್ತದೆ. ನಮ್ಮ ತಂದೆಯವರು ಮೂಟೆ ಹೇರಿದ ಮೇಲೆ ನೊಗವನ್ನು ಕೈಯಲ್ಲಿ ಎತ್ತಿ ನೋಡಿಯೇ ಎತ್ತು ಕಟ್ಟುತ್ತಿದ್ದರು. ಮನೆಗೆ ಬಂದು ಮೈತೂಕ ನೋಡುವ ತಕ್ಕಡಿಯನ್ನು ಟ್ರೈಲರಿನ ಮೂತಿಯ ಕೆಳಗಿಟ್ಟೆವು. 420 ಕಿಲೋ ಗಾಡಿಗೆ ಮೂತಿಯ ಭಾರ ಬರಿಯ 15 ಕಿಲೋ. ಇರಬೇಕಾದದ್ದು ಒಟ್ಟು ತೂಕದಲ್ಲಿ ನೂರಕ್ಕೆ 10ರಿಂದ 15 ಪಾಲು ಎಂದು ಮಗ ಪುಸ್ತಕ ತೆಗೆದು ಓದಿದ. ಚಕ್ರವನ್ನೂ ನೀರನ್ನೂ ಮುಂದಕ್ಕೆ ಸಾಗಿಸಿದೆವು. ಮುಳ್ಳು 55ಕ್ಕೆ ಬಂದು ನಿಂತಿತು. ಮತ್ತೆ ಹೆದ್ದಾರಿಗೆ ಹೋದೆವು; ಗಾಡಿ ಕಟ್ಟಿದ ಹಸುವಿನಂತೆ ಹಿಂದೆ ಬಂತು.

ಆಗಸ್ಟಿನಲ್ಲಿ ಮಿಷಿಗನ್ ಸರೋವರದ ತೀರದ ಲಡಿಂಗ್ಟನ್‌ಗೆ ಹೋದೆವು. ಮಗ, ಸೊಸೆ, ಮೊಮ್ಮಗಳು ಡೇರೆಯಲ್ಲಿ. ನಾನೂ ಮೊಮ್ಮಗನೂ ಗಾಡಿಯಲ್ಲಿ. ರಾತ್ರಿ ತಗಡಿನ ಮೇಲೆ ಮಳೆ ಬಿತ್ತು. ಬೆಳಿಗ್ಗೆ ನೋಡಿದರೆ ಒಳಗೋಡೆಯೆಲ್ಲ ಹನಿ. ಸೋರಿತೆಂದು ಮಗ ಪೆಚ್ಚಾಗಿ ನಿಂತ. ಸೋರಿರಲಿಲ್ಲ, ಚಳಿಯೆಂದು ನಾವು ಗಾಳಿಕಿಂಡಿ ಮುಚ್ಚಿದ್ದೆವು, ನಮ್ಮಿಬ್ಬರ ಉಸಿರೇ ತಣ್ಣನೆಯ ಗೋಡೆಗೆ ತಾಗಿ ನೀರಾಗಿತ್ತು. ಮರುರಾತ್ರಿ ಕಿಂಡಿಯನ್ನು ಎರಡು ಬೆರಳಷ್ಟು ತೆರೆದಿಟ್ಟು ಮಲಗಿದೆವು.