ಬಂದರಿನಲ್ಲಿ ಕಳೆದ ಚಳಿಗಾಲ



ಸಮುದ್ರಯಾನ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಅಲೆ, ಹಾಯಿ ಮತ್ತು ದೂರದ ದಿಗಂತ. ಆದರೆ ನಾವಿಕನ ಬದುಕಿನ ದೊಡ್ಡ ಪಾಲು ಬಂದರಿನಲ್ಲಿ ಕಾಯುವುದರಲ್ಲೇ ಕಳೆಯುತ್ತದೆ. ಇಂದು ನಾನು ಹೇಳಹೊರಟಿರುವುದು ಅಂಥ ಒಂದು ಕಾಯುವಿಕೆಯ ಸಂಗತಿ.

ಮೆಡಿಟರೇನಿಯನ್ ಸಮುದ್ರದ ನಡುವೆ, ಸಿಸಿಲಿ ದ್ವೀಪದಿಂದ ಸುಮಾರು 90 ಕಿಲೋಮೀಟರ್ ದಕ್ಷಿಣಕ್ಕೆ ಮಾಲ್ಟಾ ಎಂಬ ಪುಟ್ಟ ದೇಶವಿದೆ. ಅದರ ರಾಜಧಾನಿ ವ್ಯಾಲೆಟ್ಟಾ. ಸಂತ ಜಾನ್ ಪಂಗಡದ ಯೋಧರು 1565ರಲ್ಲಿ ಆಟೊಮನ್ ತುರ್ಕರ ಮುತ್ತಿಗೆಯನ್ನು ಎದುರಿಸಿ ಉಳಿದ ಮೇಲೆ, 1566ರಲ್ಲಿ ಈ ನಗರಕ್ಕೆ ಅಡಿಗಲ್ಲು ಇಟ್ಟರು. ನಗರದ ಪಕ್ಕದಲ್ಲೇ ಗ್ರ್ಯಾಂಡ್ ಹಾರ್ಬರ್ ಎಂಬ ಆಳವಾದ ಸಹಜ ಬಂದರು. ಅದರ ಎದುರು ದಡದಲ್ಲಿ, ಸಂತ ಏಂಜೆಲೊ ಕೋಟೆಯ ಮಗ್ಗುಲಿಗೆ, ಬಿರ್ಗು ಎಂಬ ಹಳೆಯ ಊರು. ಹಿಂದೆ ಯೋಧರ ಹುಟ್ಟು ಹಾಕುವ ಹಡಗುಗಳು ನಿಲ್ಲುತ್ತಿದ್ದ ಅಲ್ಲಿಯ ಕಿರುಕೊಲ್ಲಿಯಲ್ಲಿ ಇಂದು ಪ್ರವಾಸಿಗರ ಹಾಯಿದೋಣಿಗಳು ತಂಗುತ್ತವೆ.

ಕೆಲವು ವರ್ಷಗಳ ಹಿಂದೆ ನನ್ನ ಕಾಲೇಜಿನ ಗೆಳೆಯನೊಬ್ಬ, ತನ್ನ ಪತ್ನಿಯೊಂದಿಗೆ ಹಾಯಿದೋಣಿಯಲ್ಲಿ ಸಂಚರಿಸುತ್ತಿದ್ದವನು, ಚಳಿಗಾಲ ಕಳೆಯಲು ಅಲ್ಲಿ ಲಂಗರು ಹಾಕಿದ್ದ. ಜನವರಿಯಲ್ಲಿ ಹತ್ತು ದಿನದ ರಜೆ ಹಾಕಿ ನಾನೂ ಹೋದೆ. ಸಿಸಿಲಿಯ ಸಿರಾಕ್ಯೂಸ್ ನಗರಕ್ಕೆ ದೋಣಿಯಲ್ಲೇ ಹೋಗಿಬರಬೇಕೆಂದು ನನ್ನ ಆಸೆ. ಹೆಚ್ಚೆಂದರೆ ಒಂದು ಹಗಲು, ಒಂದು ರಾತ್ರಿಯ ಪಯಣ.

ಏಳನೆಯ ದಿನ ಬೆಳಿಗ್ಗೆ ಆಕಾಶ ತಿಳಿಯಾಗಿತ್ತು. ಬಂದರಿನ ನೀರು ಕನ್ನಡಿಯಂತಿತ್ತು. ದೋಣಿಯ ವಾಯುಭಾರ ಮಾಪಕ 1020 ಮಿಲಿಬಾರ್ ತೋರಿಸುತ್ತಿತ್ತು. ಹಿಂದಿನ ರಾತ್ರಿಯಿಂದ ಮುಳ್ಳು ಅಲುಗಿರಲಿಲ್ಲ. ನಾನು ವಿಜ್ಞಾನ ಓದಿದವನಲ್ಲವೇ? ‘ಒತ್ತಡ ಬಿದ್ದಿಲ್ಲ. ಇನ್ನೇಕೆ ತಡ, ಹೊರಡೋಣ’ ಎಂದೆ.

ಗೆಳೆಯ ಹವಾಮಾನ ನಕ್ಷೆಯನ್ನು ಮುಂದಿಟ್ಟ. ‘ಮುಳ್ಳು ನೋಡಬೇಡ ಮಾರಾಯ, ಇದನ್ನು ನೋಡು’ ಎಂದ. ಉತ್ತರದಲ್ಲಿ ಬಾಲ್ಕನ್ ನಾಡುಗಳ ಮೇಲೆ ಒತ್ತಡ 1035. ದಕ್ಷಿಣದಲ್ಲಿ ಲಿಬಿಯಾ ತೀರದಾಚೆ 1005. ನಾವಿದ್ದುದು ಇವೆರಡರ ನಡುವೆ. ಸಮಭಾರ ರೇಖೆಗಳು ಒತ್ತೊತ್ತಾಗಿ ಕೂಡಿಕೊಳ್ಳುತ್ತಿದ್ದವು.

ಗಾಳಿ ಹುಟ್ಟುವುದು ಒಂದು ಸ್ಥಳದ ಒತ್ತಡದಿಂದಲ್ಲ, ಎರಡು ಸ್ಥಳಗಳ ಒತ್ತಡದ ವ್ಯತ್ಯಾಸದಿಂದ. ಇದನ್ನು ನೀವೂ ಪಾಠದಲ್ಲಿ ಓದಿದ್ದೀರಿ, ನಾನೂ ಓದಿದ್ದೆ. ಆ ವ್ಯತ್ಯಾಸ ಉತ್ತರದಿಂದ ದಕ್ಷಿಣಕ್ಕೆ ಗಾಳಿಯನ್ನು ನೂಕುತ್ತದೆ. ಭೂಮಿಯ ಭ್ರಮಣೆ ಅದನ್ನು ಬಲಕ್ಕೆ ತಿರುಗಿಸುತ್ತದೆ. ಹೀಗೆ ಅದು ಈಶಾನ್ಯದ ಗಾಳಿಯಾಗುತ್ತದೆ. ಗ್ರೀಸ್ ದೇಶದ ದಿಕ್ಕಿನಿಂದ ಬರುವುದೆಂದು ಅದಕ್ಕೆ ‘ಗ್ರೆಗಾಲೆ’ ಎಂದು ಹೆಸರು. ಗ್ರ್ಯಾಂಡ್ ಹಾರ್ಬರಿನ ಬಾಯಿ ತೆರೆದಿರುವುದೂ ಈಶಾನ್ಯಕ್ಕೇ. ಆದುದರಿಂದಲೇ 20ನೆಯ ಶತಮಾನದ ಆರಂಭದಲ್ಲಿ ಅಲ್ಲಿ ಅಲೆತಡೆ ಗೋಡೆಗಳನ್ನು ಕಟ್ಟಿದರು.

ನಾವು ಹೊರಡಲಿಲ್ಲ. ನನಗೆ ಒಳಗೊಳಗೇ ಬೇಸರ. ಅಂದು ನಡುರಾತ್ರಿ ಗ್ರೆಗಾಲೆ ಬಂತು. ಹಗ್ಗಗಳು ಕಿರುಗುಟ್ಟಿದವು. ಬೆಳಿಗ್ಗೆ ಕೋಟೆಯ ಬಳಿ ನಿಂತು ನೋಡಿದರೆ ಅಲೆಗಳು ಆ ತಡೆಗೋಡೆಯ ಮೇಲೇ ಹತ್ತಿ ಒಡೆಯುತ್ತಿದ್ದವು. ಹೊರಟಿದ್ದರೆ ಆ ಹೊತ್ತಿನಲ್ಲಿ ನಾವು ಮೂವರು ನಡುಗಡಲಿನಲ್ಲಿ ಇರುತ್ತಿದ್ದೆವು.

ಇದೇ ಸಮುದ್ರದಲ್ಲಿ ಕಾಯಲೊಲ್ಲದೆ ಹೊರಟವರ ಕಥೆಯೂ ಇದೆ. ಬೈಬಲಿನ ‘ಅಪೊಸ್ತಲರ ಕೃತ್ಯಗಳು’ ಭಾಗದಲ್ಲಿ ಅದು ಬರುತ್ತದೆ. ಸುಮಾರು ಕ್ರಿ.ಶ. 60ರಲ್ಲಿ ಪೌಲನೆಂಬ ಬಂದಿಯನ್ನು ರೋಮಿಗೆ ಒಯ್ಯುತ್ತಿದ್ದ ಹಡಗು ಕ್ರೀಟ್ ದ್ವೀಪ ತಲುಪಿದಾಗ ಯಾನದ ಕಾಲ ಮುಗಿಯುತ್ತ ಬಂದಿತ್ತು. ಮುಂದೆ ಹೋಗುವುದು ಬೇಡವೆಂದು ಪೌಲನು ಎಚ್ಚರಿಸಿದ. ಆದರೆ ಇನ್ನೂ ಅನುಕೂಲವಾದ ಬಂದರಿನಲ್ಲಿ ಚಳಿಗಾಲ ಕಳೆಯೋಣ ಎಂದು ಉಳಿದವರ ಆಸೆ. ದಕ್ಷಿಣದ ತಂಗಾಳಿ ಬೀಸಿದ್ದೇ ತಡ, ಲಂಗರು ಎತ್ತಿದರು. ಸ್ವಲ್ಪ ಹೊತ್ತಿನಲ್ಲೇ ಈಶಾನ್ಯದ ಬಿರುಗಾಳಿ ಎರಗಿತು. ಹದಿನಾಲ್ಕು ದಿನ ತೊನೆದಾಡಿದ ಹಡಗು ಕೊನೆಗೆ ಒಡೆದದ್ದು ಇದೇ ಮಾಲ್ಟಾದ ತೀರದಲ್ಲಿ. ಅದರಲ್ಲಿದ್ದ 276 ಜನರೂ ಬದುಕಿದರು. ಮೂರು ತಿಂಗಳ ಅನಂತರ ಅವರು ಬೇರೊಂದು ಹಡಗು ಹತ್ತಿದರು. ಅದು ಆ ಚಳಿಗಾಲವನ್ನು ದ್ವೀಪದಲ್ಲೇ ತೆಪ್ಪಗೆ ಕಳೆದಿದ್ದ ಹಡಗು!

ರೋಮನ್ ಲೇಖಕ ವೆಜಿಟಿಯಸ್ ನವೆಂಬರ್ 11ರಿಂದ ಮಾರ್ಚ್ 10ರವರೆಗೆ ಸಮುದ್ರ ‘ಮುಚ್ಚಿರುತ್ತದೆ’ ಎಂದು ಬರೆದಿದ್ದಾನೆ. ನಮ್ಮ ಕರಾವಳಿಗೆ ಈ ಮಾತು ಹೊಸದಲ್ಲ. ಅಲ್ಲಿ ಚಳಿಗಾಲ, ಇಲ್ಲಿ ಮಳೆಗಾಲ, ಅಷ್ಟೇ. ಮುಂಗಾರಿನಲ್ಲಿ ದೋಣಿಗಳನ್ನು ದಡಕ್ಕೆಳೆದು, ಬಲೆ ಹೆಣೆಯುತ್ತ, ಸಮುದ್ರಪೂಜೆಯ ದಿನಕ್ಕಾಗಿ ಕಾಯುವುದನ್ನು ಮಲ್ಪೆಯ ಮೊಗವೀರರಿಗೆ ಯಾರೂ ಹೇಳಿಕೊಡಬೇಕಿಲ್ಲ.

ನನ್ನ ರಜೆ ಮುಗಿಯಿತು. ಸಿರಾಕ್ಯೂಸ್ ನೋಡದೆಯೇ ವಿಮಾನ ಹತ್ತಿದೆ. ಆದರೆ ಪದವಿ ತರಗತಿಯಲ್ಲಿ ಅಂಕಕ್ಕಾಗಿ ಬರೆದಿದ್ದ ಒಂದು ಪಾಠ ಅಲ್ಲಿ ಅರ್ಥವಾಯಿತು. ನಾವು ನಿಂತ ಜಾಗದ ಅಳತೆಯೊಂದೇ ಸಾಲದು, ಸುತ್ತಲಿನ ನಕ್ಷೆಯೂ ಬೇಕು. ನಿಮ್ಮ ಶಾಲೆಯಲ್ಲಿ ವಾಯುಭಾರ ಮಾಪಕವಿದ್ದರೆ ಒಂದು ವಾರ ಅದರ ಅಂಕಿಗಳನ್ನು ಬರೆದಿಡಿ. ಜೊತೆಗೆ ದಿನವೂ ಹವಾಮಾನ ನಕ್ಷೆಯನ್ನು ನೋಡಿ. ಎರಡನ್ನೂ ಹೋಲಿಸಿದಾಗ, ಮುಳ್ಳು ಅಲುಗದ ದಿನವೂ ಗಾಳಿ ಏಕೆ ಬೀಸುತ್ತದೆಂದು ನಿಮಗೇ ಕಂಡೀತು.