ದೊಡ್ಡ ಕಂಪನಿಗೆ ಬೇಡವಾದ ಎಮ್ಮೆ ಹಾಲು

(ಸಂಘಗಳ ಕಾರ್ಯದರ್ಶಿಗಳ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ನಮ್ಮ ಸದಸ್ಯರೊಬ್ಬರ ಮಗ ಎಂಜಿನಿಯರಿಂಗ್ ಮುಗಿಸಿ, ಇಬ್ಬರು ಗೆಳೆಯರೊಡನೆ ಸಣ್ಣ ಕಂಪನಿ ಕಟ್ಟಿದ್ದಾನೆ. ಹಸು ಬೆದೆಗೆ ಬಂದದ್ದನ್ನು ಮೊಬೈಲಿಗೆ ತಿಳಿಸುವ ಕೊರಳಪಟ್ಟಿ ಮಾಡುತ್ತಿದ್ದಾರೆ. "ಇದನ್ನೇ ಮಾರುವ ದೊಡ್ಡ ವಿದೇಶಿ ಕಂಪನಿಗಳಿವೆಯಲ್ಲ ಸರ್, ಅವರೆದುರು ನಾವು ಉಳಿಯುತ್ತೇವೆಯೇ?" ಎಂದು ಕೇಳಿದ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ಈಗಿನ ಗುಜರಾತಿನ ಖೇಡಾ ಜಿಲ್ಲಾ ಒಕ್ಕೂಟ 1946ರ ಡಿಸೆಂಬರಿನಲ್ಲಿ ನೋಂದಣಿಯಾಯಿತು. ಪೋಲ್ಸನ್ ಕಂಪನಿಯ ಎದುರು ರೈತರು ಹಾಲು ನಿಲ್ಲಿಸಿದ ಕಥೆ ನಿಮಗೆ ಗೊತ್ತೇ ಇದೆ. ನಾನು ಹೇಳುವುದು ಆಮೇಲಿನದು. ಚಳಿಗಾಲದಲ್ಲಿ ಎಮ್ಮೆಗಳು ಹೆಚ್ಚು ಹಾಲು ಕೊಡುತ್ತವೆ. ಅಷ್ಟನ್ನೂ ಮುಂಬಯಿ ಕೊಳ್ಳುತ್ತಿರಲಿಲ್ಲ. ಮಿಕ್ಕದ್ದನ್ನು ಪುಡಿ ಮಾಡೋಣವೆಂದರೆ, ಎಮ್ಮೆ ಹಾಲಿನಿಂದ ಅದು ಆಗದೆಂದು ಹೊರದೇಶದ ತಜ್ಞರು ಹೇಳಿದರು. ಅವರಲ್ಲಿ ಹಸುವಿನ ಹಾಲು ಧಾರಾಳವಾಗಿತ್ತು, ಎಮ್ಮೆಯ ಚಿಂತೆ ಅವರಿಗೇಕೆ? ಆಣಂದಕ್ಕೆ ಮಾತ್ರ ಬೇರೆ ದಾರಿ ಇರಲಿಲ್ಲ. ಹಾಲು ವಾಪಸು ಕಳಿಸಿದರೆ ರೈತ ಮತ್ತೆ ಸಂಘದ ಕಡೆ ತಿರುಗಿ ನೋಡುತ್ತಾನೆಯೇ? ಕುರಿಯನ್ ಅವರ ಗೆಳೆಯ, ಡೇರಿ ತಂತ್ರಜ್ಞ ಎಚ್.ಎಂ. ದಲಾಯ ಅವರು ಬಣ್ಣ ಸಿಂಪಡಿಸುವ ಗನ್ನು, ಗಾಳಿ ಬಿಸಿಮಾಡುವ ಹೀಟರು ಇಟ್ಟುಕೊಂಡು ಪುಡಿ ಮಾಡಿ ತೋರಿಸಿದರು. 1955ರ ಅಕ್ಟೋಬರ್ 31ರಂದು ನೆಹರೂ ಅವರು ಕಾರ್ಖಾನೆ ಉದ್ಘಾಟಿಸಿದರು. ಯಂತ್ರಗಳಿಗೆ ಯೂನಿಸೆಫ್ ನೆರವಿತ್ತು. ಬರೀ ಕೆಚ್ಚಿನಿಂದ ಆದದ್ದಲ್ಲ. ಮುಂದೆ ಎಮ್ಮೆ ಹಾಲಿನ ಶಿಶು ಆಹಾರಕ್ಕೆ ವಿಧಾನ ರೂಪಿಸಿಕೊಟ್ಟದ್ದು ನಮ್ಮ ಮೈಸೂರಿನ ಸಿ.ಎಫ್.ಟಿ.ಆರ್.ಐ.

ಇನ್ನು ಹುಡುಗನ ಪಟ್ಟಿಯ ವಿಷಯ. ಹೊರಗಿನಿಂದ ಬರುವ ಪಟ್ಟಿಗಳಲ್ಲಿ ಹಲವು ಹಸುವಿನ ಓಡಾಟ ಲೆಕ್ಕ ಹಾಕಿ ಬೆದೆ ಗುರುತಿಸುತ್ತವೆ. ನೂರಾರು ಹಸು ಬಿಚ್ಚಿಬಿಟ್ಟ ಫಾರ್ಮಿಗೆ ಅದು ಸರಿ. ನಮ್ಮ ಕೊಟ್ಟಿಗೆಯಲ್ಲಿ ಗೂಟಕ್ಕೆ ಕಟ್ಟಿದ ಹಸು ಎಲ್ಲಿ ಓಡಾಡೀತು? ಎರಡು ಹಸುವಿನ ಮನೆಗಾಗಿ ದೊಡ್ಡ ಕಂಪನಿ ಯಂತ್ರ ಬದಲಿಸುವುದೂ ಕಷ್ಟ. ನಮಗಾದರೋ ಒಂದು ಬೆದೆ ತಪ್ಪಿದರೆ 21 ದಿನ ಹೋಯಿತು, ಮೇವಿನ ಖರ್ಚು ನಿಲ್ಲುವುದಿಲ್ಲ. "ಕಟ್ಟಿದ ಹಸುವಿಗೆ ಪಟ್ಟಿ ಮಾಡು, ಬೆಲೆಯ ಪೈಪೋಟಿಗೆ ಇಳಿಯಬೇಡ" ಎಂದಿದ್ದೇನೆ. ದೊಡ್ಡವರು ಎರಡು ವರ್ಷ ನಷ್ಟಕ್ಕೆ ಮಾರಿಯೂ ಉಳಿದಾರು. ಇವನು ಆರು ತಿಂಗಳಿಗೆ ಮುಳುಗುತ್ತಾನೆ.

ಆಣಂದಕ್ಕಿದ್ದ ಒಂದು ಬಲ ಇವನಿಗಿಲ್ಲ: ದಿನವೂ ಹಾಲು ಹಾಕುವ ಸದಸ್ಯರು. ಅದನ್ನು ನೀವು ಕೊಡಬಹುದು. ಸಂಘಕ್ಕೆ ಹತ್ತು ಹಸುವಿನಂತೆ ಮೂರು ತಿಂಗಳು ಪಟ್ಟಿ ಕಟ್ಟಲು ಬಿಡಿ. ಕೃತಕ ಗರ್ಭಧಾರಣೆ ಕಾರ್ಯಕರ್ತರ ಪುಸ್ತಕದೊಡನೆ ತಾಳೆ ನೋಡಿ. ತಪ್ಪಿದ್ದನ್ನೂ ಬರೆದಿಡಿ, ನಮ್ಮೂರ ಹುಡುಗನೆಂದು ಮುಚ್ಚಿಡಬೇಡಿ. ಒಪ್ಪುವ ಸಂಘದವರು ಊಟಕ್ಕೆ ಏಳುವ ಮೊದಲು ಹೆಸರು ಬರೆಸಿರಿ. ಹುಡುಗ ಹಿಂದಿನ ಸಾಲಿನಲ್ಲೇ ಕೂತಿದ್ದಾನೆ.