ಸೊನ್ನೆಗೆ ಎರಡು ಅರ್ಥ: ದಾಸ್ತಾನಿನ ಏಜೆಂಟಿಗೆ ಟೂಲ್ ವಿವರಿಸುವ ಬಗೆ



ಈ ದತ್ತಿ ಉಪನ್ಯಾಸ ಯಾರ ನೆನಪಿನಲ್ಲಿದೆಯೋ ಆ ಮೇಷ್ಟ್ರ ಸಂಖ್ಯಾಶಾಸ್ತ್ರದ ತರಗತಿಯಲ್ಲಿ ಎರಡು ವರ್ಷ ಹಿಂದಿನ ಬೆಂಚಿನಲ್ಲಿ ಕೂತವನು ನಾನು. ಮಾತಾಡಲು ಕರೆ ಬಂದಾಗ ಸಂತೋಷಕ್ಕಿಂತ ಮೊದಲು ಆದದ್ದು ಭಯ. ಉತ್ತರ ಸರಿಯಿದ್ದರೂ ಪಕ್ಕದಲ್ಲಿ ಏಕಮಾನ ಬರೆಯದಿದ್ದರೆ ಅವರು ಅಂಕ ಕೊಡುತ್ತಿರಲಿಲ್ಲ. “ಹನ್ನೆರಡು ಅಂದರೆ ಏನಯ್ಯಾ, ಹನ್ನೆರಡು ಎಮ್ಮೆಯೋ, ಹನ್ನೆರಡು ಸೇರು ಹಾಲೋ?” ಇವತ್ತಿನ ನನ್ನ ಮಾತೆಲ್ಲ ಆ ಪ್ರಶ್ನೆಯ ಸಾಲ ತೀರಿಸುವುದೇ.

ಪೀಠಿಕೆಯನ್ನು ಬೇಗ ಮುಗಿಸುತ್ತೇನೆ. ಗೋದಾಮಿಗೆ ಒಮ್ಮೆಗೆ ಎಷ್ಟು ಮಾಲು ತರಿಸಬೇಕೆಂಬುದಕ್ಕೆ ಫೋರ್ಡ್ ಹ್ಯಾರಿಸ್ 1913ರಲ್ಲೇ ಸೂತ್ರ ಕೊಟ್ಟರು. ಬಿಟ್ಟುಬಿಟ್ಟು ಬರುವ ಬೇಡಿಕೆಗೆ 1972ರಲ್ಲಿ ಕ್ರೋಸ್ಟನ್ ವಿಧಾನ ಬಂತು. ಇವೆಲ್ಲ ಪಠ್ಯಪುಸ್ತಕದಲ್ಲಿವೆ. ಈ ಲೆಕ್ಕವನ್ನು ಈಗ ಎಐ ಏಜೆಂಟಿಗೆ ಒಪ್ಪಿಸುತ್ತಿದ್ದೇವೆ. ಅದು ಮಾಡುವುದಿಷ್ಟು: ಕೈಗೆ ಕೊಟ್ಟ ಟೂಲ್‌ಗಳ ಹೆಸರು, ವಿವರಣೆ, ಕೇಳುವ ಮಾಹಿತಿ ಓದಿ, ಯಾವುದನ್ನು ಕರೆಯಬೇಕೆಂದು ತಾನೇ ತೀರ್ಮಾನಿಸುತ್ತದೆ. ಟೂಲ್‌ನೊಳಗಿನ ಕೋಡ್ ಸಾಮಾನ್ಯವಾಗಿ ಅದರ ಕಣ್ಣಿಗೆ ಬೀಳುವುದಿಲ್ಲ. 2024ರ ನವೆಂಬರಿನಲ್ಲಿ ಆಂಥ್ರೋಪಿಕ್ ಕಂಪನಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೋಕಾಲ್ ಎಂಬ ಜೋಡಣೆಯ ಮಾನದಂಡ ಹೊರತಂದ ಮೇಲೆ ಟೂಲ್ ಜೋಡಿಸುವ ಕೆಲಸ ಹಗುರಾಗಿದೆ. ವಿವರಣೆ ಬರೆಯುವ ಕೆಲಸ ಮಾತ್ರ ಇನ್ನೂ ಸಂಜೆ ಆರು ಗಂಟೆಗೆ, ಮನೆಗೆ ಹೊರಡುವ ಮೊದಲು, ಒಂದು ಸಾಲಿನಲ್ಲಿ ಮುಗಿಯುತ್ತದೆ.

ಅಂಥ ಒಂದು ಸಾಲು ನಾನೂ ಬರೆದಿದ್ದೆ. ಔಷಧ ಸ್ಟಾಕಿಸ್ಟ್ ಒಬ್ಬರ ಗೋದಾಮಿಗೆ ಏಜೆಂಟ್ ಕಟ್ಟುವಾಗ ಮಾರಾಟದ ಟೂಲ್‌ಗೆ “ವಸ್ತುವಿನ ದಿನವಾರು ಮಾರಾಟ ಕೊಡುತ್ತದೆ” ಎಂದು ಬರೆದು ಕೈ ತೊಳೆದುಕೊಂಡೆ. ಬೇಸಿಗೆಯಲ್ಲಿ ಓಆರ್‌ಎಸ್ ಪೊಟ್ಟಣ ಪದೇಪದೇ ಖಾಲಿಯಾಗತೊಡಗಿತು. ಅಂಕಿಗಳನ್ನು ದುಂಡು ಮಾಡಿ ಹೇಳುತ್ತೇನೆ. 10 ದಿನದಲ್ಲಿ 6 ದಿನ ತಲಾ 50 ಪೊಟ್ಟಣ ಹೋಗಿವೆ. ಉಳಿದ 4 ದಿನ ಗೋದಾಮಿನಲ್ಲಿ ಮಾಲೇ ಇರಲಿಲ್ಲ, ಮಾರಾಟ 0. ಏಜೆಂಟ್ 300ನ್ನು 10ರಿಂದ ಭಾಗಿಸಿ ದಿನಕ್ಕೆ 30 ಎಂದಿತು. ಮಾಲು ಬರಲು 5 ದಿನ. ಆ ಅವಧಿಗೆ 250 ಬೇಕಿದ್ದ ಕಡೆ 150 ತರಿಸಿತು. ಮತ್ತೆ ಖಾಲಿ, ಮತ್ತಷ್ಟು ಸೊನ್ನೆ, ಮುಂದಿನ ಅಂದಾಜು ಇನ್ನೂ ಕಡಿಮೆ.

ಆಮೇಲೆ ನಡೆದದ್ದು ಇನ್ನೂ ಸ್ವಾರಸ್ಯ. ಸೊನ್ನೆಗಳು ಹೆಚ್ಚಾದದ್ದನ್ನು ಕಂಡ ಏಜೆಂಟ್, ಇದು ಬಿಟ್ಟುಬಿಟ್ಟು ಬರುವ ಬೇಡಿಕೆ ಎಂದು ತರ್ಕಿಸಿ ಕ್ರೋಸ್ಟನ್ ಟೂಲ್ ಎತ್ತಿಕೊಂಡಿತು. ಆ ವಿಧಾನ ಮಾರಾಟವಾದ ದಿನದ ಪ್ರಮಾಣವನ್ನೂ, ಎರಡು ಮಾರಾಟಗಳ ನಡುವಿನ ಅಂತರವನ್ನೂ ಬೇರೆಬೇರೆ ಅಂದಾಜು ಮಾಡಿ ಭಾಗಿಸುತ್ತದೆ. ನಮ್ಮ 10 ದಿನಕ್ಕೇ ಹಚ್ಚಿ ನೋಡಿ: 50ನ್ನು ಸರಾಸರಿ ಅಂತರ 1.67ರಿಂದ ಭಾಗಿಸಿದರೆ ಅದೇ 30! ಕ್ರೋಸ್ಟನ್ನರ ತಪ್ಪೇನಿಲ್ಲ. ಗಿರಾಕಿ ಬಾರದ ಸೊನ್ನೆಗೆ ಅವರು ಮಾಡಿದ್ದನ್ನು, ಗಿರಾಕಿ ಬರಿಗೈಲಿ ಹೋದ ಸೊನ್ನೆಗೆ ನಾವು ಹಚ್ಚಿದೆವು.

ಏಜೆಂಟಿನ ಒಳಗಿನ ಮಾಡೆಲ್ ಬದಲಿಸಲಿಲ್ಲ, ಮಾರಾಟದ ಟೂಲಿನ ವಿವರಣೆ ಬದಲಿಸಿದೆ: “ಬಿಲ್ ಆದ ಪೊಟ್ಟಣಗಳ ಸಂಖ್ಯೆ, ಬಾಕ್ಸ್ ಅಲ್ಲ. ಇದು ಮಾರಾಟ, ಬೇಡಿಕೆಯಲ್ಲ. ಮಾಲು ಇಲ್ಲದ ದಿನವೂ 0 ಬರುತ್ತದೆ. ಅಂದಾಜಿಗೆ ಮೊದಲು ಆ ದಿನಗಳ ದಾಸ್ತಾನು ನೋಡಿ, ಮಾಲು ಇಲ್ಲದ ದಿನಗಳನ್ನು ಬಿಡು.” ಅಲ್ಲಿಂದ ಅದು ಮೊದಲು ದಾಸ್ತಾನಿನ ಟೂಲ್ ಕರೆಯತೊಡಗಿತು, 6ರಿಂದ ಭಾಗಿಸಿತು.

ಈಗ ಎದುರಾಳಿಗಳ ಕಡೆ ಬರುತ್ತೇನೆ. ಮಾಡೆಲ್ ಜಾಣವಾಗಿದೆ, ಹೆಸರೊಂದೇ ಸಾಕು ಎನ್ನುವವರಿದ್ದಾರೆ. ಚಿನ್ನದ ಪದಕದ ಹುಡುಗನನ್ನು ಮೊದಲ ದಿನ ಗೋದಾಮಿನ ಲೆಕ್ಕಕ್ಕೆ ಕೂರಿಸಿ. ಅವನೂ 10ರಿಂದಲೇ ಭಾಗಿಸುತ್ತಾನೆ. ಆದರೆ ಅವನಿಗೆ ಪಕ್ಕದಲ್ಲಿ ಕೇಳಲು ಗುಮಾಸ್ತರಿರುತ್ತಾರೆ. ಎರಡನೆಯವರು ಎಲ್ಲ ಎಚ್ಚರಿಕೆಯನ್ನೂ ಏಜೆಂಟಿನ ಮೂಲ ಸೂಚನೆಯಲ್ಲೇ ತುಂಬಿ ಎನ್ನುತ್ತಾರೆ. ನಾಳೆ ಅದೇ ಟೂಲನ್ನು ಖರೀದಿ ವಿಭಾಗದ ಇನ್ನೊಂದು ಏಜೆಂಟಿಗೆ ಕೊಟ್ಟಾಗ ಆ ಸೂಚನೆ ಜೊತೆಗೆ ಹೋಗುತ್ತದೆಯೇ? ಔಷಧದ ಚೀಟಿ ಬಾಟಲಿಗೆ ಅಂಟಿರಬೇಕು, ಅಂಗಡಿಯ ಗೋಡೆಗಲ್ಲ.

ಮೂರನೆಯವರ ವಾದಕ್ಕೆ ಬಲವಿದೆ: ವಿವರಣೆಯ ಗೋಜೇಕೆ, ಮಾಲು ಇಲ್ಲದ ದಿನ 0 ಬದಲು ಖಾಲಿ ಮೌಲ್ಯವನ್ನೇ ಕೊಡಿ ಎಂದು. ಕೊಡಬೇಕು, ನಾನೂ ಈಗ ಹಾಗೇ ಮಾಡಿದ್ದೇನೆ. ಆದರೆ ಆ ಖಾಲಿ ಎಂದರೇನು? ಮಾಲು ಇರಲಿಲ್ಲವೋ, ಭಾನುವಾರದ ರಜೆಯೋ, ಬಿಲ್ಲಿಂಗ್ ಕಂಪ್ಯೂಟರಿನಿಂದ ಡೇಟಾ ಬಂದಿಲ್ಲವೋ? ಅದನ್ನು ಹೇಳಲು ಮತ್ತೆ ವಿವರಣೆಗೇ ಬರಬೇಕು. ವಿವರಣೆ ಉದ್ದವಾದರೆ ಪ್ರತಿ ಕರೆಗೂ ಖರ್ಚು ಎಂಬ ಆಕ್ಷೇಪ ಒಪ್ಪುತ್ತೇನೆ. ಆದ್ದರಿಂದ ಮೊದಲು “ಅತ್ಯಂತ ಉಪಯುಕ್ತ”, “ಸಮಗ್ರ” ಎಂಬ ಮಾತುಗಳನ್ನು ಕಿತ್ತುಹಾಕಿ. “ಬಾಕ್ಸ್ ಅಲ್ಲ” ಎಂಬ ಎರಡು ಪದ ಉಳಿಸಿಕೊಳ್ಳಿ. ಮೇಷ್ಟ್ರಿದ್ದಿದ್ದರೆ ಕೆಂಪು ಶಾಯಿ ಅಲ್ಲೇ ಬೀಳುತ್ತಿತ್ತು.

ಒಂದು ಸಾಲು ನನ್ನ ವಿವರಣೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಅಂಗಡಿಗಳಿಂದ ವಾಪಸ್ಸು ಬಂದ ಮಾಲನ್ನು ಬಂದ ದಿನದ ಮಾರಾಟದಲ್ಲಿ ಕಳೆಯಬೇಕೋ, ಮಾರಿದ ದಿನದ್ದರಲ್ಲೋ? ಸ್ಟಾಕಿಸ್ಟರದ್ದು ಒಂದು ಮಾತು, ಅವರ ಗುಮಾಸ್ತರದ್ದು ಇನ್ನೊಂದು. ಸದ್ಯಕ್ಕೆ ಅಲ್ಲಿ ಹೀಗಿದೆ: “ವಾಪಸ್ಸಾದ ಮಾಲು ಇದರಲ್ಲಿ ಸೇರಿಲ್ಲ, ಬೇಕಿದ್ದರೆ ಗುಮಾಸ್ತರನ್ನು ಕೇಳು.”